ಯುಹನ್ನುಸ್ ಹಬ್ಬಕ್ಕೆ ನಾನು ಸೌನಾ ಕಾಯಿಸಿದ್ದು

ಜೂನ್ ಮೂರನೆಯ ವಾರ ಬಂತೆಂದರೆ ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿ ಬರಿದಾಗುತ್ತದೆ. ಹಬ್ಬದ ಮುನ್ನಾದಿನ ಬೆಂಗಳೂರಿನಿಂದ ಜನ ಊರಿಗೆ ಹೊರಡುವ ಹಾಗೆ ಇಲ್ಲಿನವರು ಗುರುವಾರ ಸಂಜೆಯೇ ಕಾರು ತುಂಬಿಕೊಂಡು ಮೊಕ್ಕಿಗೆ, ಅಂದರೆ ಸರೋವರದ ದಡದಲ್ಲಿರುವ ಮರದ ಮನೆಗೆ ಹೊರಡುತ್ತಾರೆ. ನಡುಬೇಸಿಗೆಯ ಈ ಹಬ್ಬದ ಹೆಸರು ಯುಹನ್ನುಸ್. ಹಿಂದೆ ಜೂನ್ 24ಕ್ಕೆ ಬರುತ್ತಿದ್ದುದನ್ನು 1955ರಿಂದ ಜೂನ್ 20 ಮತ್ತು 26ರ ನಡುವಿನ ಶನಿವಾರಕ್ಕೆ ನಿಗದಿ ಮಾಡಿದ್ದಾರೆ. ಸಡಗರವೆಲ್ಲ ಶುಕ್ರವಾರ ಸಂಜೆಯದೇ.

ನಾವು ಎರಡು ಕನ್ನಡ ಸಂಸಾರಗಳು, ಜೊತೆಗೆ ಒಂದು ಫಿನ್ನಿಷ್ ಸಂಸಾರ. ಪ್ಯಾಯ್ಯಾನ್ನೆ ಸರೋವರದ ದಡದಲ್ಲಿ ಬಾಡಿಗೆಗೆ ಸಿಗುವ ಒಂದು ಮೊಕ್ಕಿಯನ್ನು ಜನವರಿಯಲ್ಲೇ ಗೊತ್ತುಮಾಡುತ್ತೇವೆ, ತಡಮಾಡಿದರೆ ಸಿಗುವುದಿಲ್ಲ. ನಲ್ಲಿಯಿಲ್ಲ. ಕುಡಿಯುವ ನೀರನ್ನು ಕ್ಯಾನುಗಳಲ್ಲಿ ಒಯ್ಯುತ್ತೇವೆ, ಸ್ನಾನಕ್ಕೂ ಪಾತ್ರೆಗೂ ಸರೋವರದ ನೀರು.

ಮೊದಲ ವರ್ಷ ನಾವು ಪಿಕ್‌ನಿಕ್ಕಿಗೆ ಹೋಗುವವರಂತೆ ಹೋದೆವು. ಡಬ್ಬಿಗಟ್ಟಲೆ ಪುಳಿಯೋಗರೆ, ಸ್ಪೀಕರ್, ಅಂತ್ಯಾಕ್ಷರಿ. ರಾತ್ರಿ ಹತ್ತಕ್ಕೆ ಫಿನ್ನಿಷ್ ಸಂಸಾರದ ಗೆಳತಿ ಮೆಲ್ಲಗೆ ಹೇಳಿದಳು: "ನೀರಿನ ಮೇಲೆ ಸದ್ದು ಬಹಳ ದೂರ ಹೋಗುತ್ತದೆ." ಸ್ಪೀಕರ್ ನಿಲ್ಲಿಸಿದೆವು. ಆಗ ಕೇಳಿಸಿದ್ದು ಆಚೆ ದಡದಲ್ಲಿ ಯಾರೋ ಕಟ್ಟಿಗೆ ಸೀಳುತ್ತಿದ್ದ ಸದ್ದು. ಆ ಕೊಡಲಿಯ ಸದ್ದು ನನ್ನನ್ನು ನೇರವಾಗಿ ಮಲೆನಾಡಿನ ಸಾಗರದಲ್ಲಿರುವ ಅಜ್ಜನ ಮನೆಯ ಬಚ್ಚಲಿಗೆ ಕರೆದೊಯ್ದಿತು. ಮರುವರ್ಷ, ಸೌನಾ, ಅಂದರೆ ಬಿಸಿ ಹಬೆಯಲ್ಲಿ ಕೂರುವ ಮರದ ಸ್ನಾನದ ಕೋಣೆ, ಅದನ್ನು ಕಾಯಿಸುವ ಕೆಲಸ ನನಗೆ ಕೊಡಿ ಎಂದು ಕೇಳಿಕೊಂಡೆ.

ಬಚ್ಚಲ ಒಲೆಗೆ ಬೆಂಕಿ ಹಾಕಿ ಬೆಳೆದವನಿಗೆ ಇದು ಹೊಸ ವಿದ್ಯೆಯಲ್ಲ. ಅಲ್ಲಿ ಅಡಿಕೆ ಸೋಗೆ, ಇಲ್ಲಿ ಬರ್ಚ್ ಮರದ ತೊಗಟೆ; ಒದ್ದೆಯಿದ್ದರೂ ಎಣ್ಣೆ ಸವರಿದಂತೆ ಹತ್ತಿಕೊಳ್ಳುತ್ತದೆ. ಒಲೆಯ ಪಕ್ಕದಲ್ಲಿ ಹಂಡೆಯೂ ಇದೆ! ಮೊದಲು ಬೂದಿ ತೆಗೆಯಬೇಕು, ಹಂಡೆಗೆ ನೀರು ತುಂಬಬೇಕು, ಹೊಗೆಕೊಳವೆಯ ಮುಚ್ಚಳ ತೆರೆಯಬೇಕು. ಆಮೇಲೆ ಸಣ್ಣ ಉರಿ, ಅದು ಹಿಡಿದ ಮೇಲೆ ದಪ್ಪ ಕಟ್ಟಿಗೆ. ಸುಮಾರು ಒಂದೂವರೆ ಗಂಟೆಯಲ್ಲಿ ಮೂರು ಸಲ ತುಂಬಿದರೆ ಕಲ್ಲುಗಳು ಕಾದು ಒಳಗೆ 80 ಡಿಗ್ರಿ ಬರುತ್ತದೆ. ಕಲ್ಲಿನ ಮೇಲೆ ಸೌಟಿನಿಂದ ನೀರು ಹಾಕಿದಾಗ ಏಳುವ ಹಬೆಗೆ ಲೊಯ್ಲು ಎನ್ನುತ್ತಾರೆ. ಅದು ಮೈಯನ್ನು ತಬ್ಬಬೇಕೇ ಹೊರತು ಸುಡಬಾರದು. ಹಾಗಾಗಿ ಒಂದೇ ಸಲ ಸುರಿಯದೆ ಸ್ವಲ್ಪ ಸ್ವಲ್ಪವೇ ಹಾಕುತ್ತೇನೆ.

ಆ ವರ್ಷ ಒಂದು ತಪ್ಪು ಮಾಡಿದೆ. ಶಾಖ ಹೊರಹೋಗದಿರಲಿ ಎಂದು ಕೆಂಡವಿರುವಾಗಲೇ ಕೊಳವೆಯ ಮುಚ್ಚಳ ಹಾಕಿಬಿಟ್ಟೆ. ಗೆಳತಿಯ ಗಂಡ ಓಡಿಬಂದು ಅದನ್ನು ತೆರೆದು, ಬಾಗಿಲನ್ನೂ ಪೂರ್ತಿ ತೆರೆದಿಟ್ಟ. ಕೆಂಡದ ಮೇಲೆ ನೀಲಿ ಜ್ವಾಲೆ ಆಡುತ್ತಿತ್ತು. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಒಳಗಿದ್ದವರಿಗೆ ತಿಳಿಯುವುದೇ ಇಲ್ಲ. ಕೆಂಡ ಪೂರ್ತಿ ಆರುವ ತನಕ ಈಗ ನಾನು ಆ ಮುಚ್ಚಳವನ್ನು ಮುಟ್ಟುವುದಿಲ್ಲ. ಮಲೆನಾಡಿನ ಬಚ್ಚಲಲ್ಲಿ ಹೊಗೆಗೆ ಹೆಂಚಿನ ಸಂದಿಯಿದೆ, ಇಲ್ಲಿ ಗೋಡೆಗಳು ಬಿಗಿ.

ವಿಹ್ತಾ ಕಟ್ಟುವುದನ್ನು ಮಕ್ಕಳಿಗೆ ಬಿಟ್ಟಿದ್ದೇವೆ. ಬರ್ಚ್‌ನ ಎಳೆಯ ರೆಂಬೆಗಳ ಈ ಕಟ್ಟಿನಿಂದ ಸೌನಾದಲ್ಲಿ ಮೈಗೆ ಬಡಿದುಕೊಳ್ಳುತ್ತಾರೆ. ಕಾಡಿನಲ್ಲಿ ಹಣ್ಣು, ಅಣಬೆ ಯಾರು ಬೇಕಾದರೂ ಕೀಳಬಹುದು. ಜೀವಂತ ಮರದ ರೆಂಬೆ ಮುರಿಯಲು ಮಾತ್ರ ಜಾಗದ ಒಡೆಯರ ಒಪ್ಪಿಗೆ ಬೇಕು. ಹಿಂದಿನ ದಿನವೇ ಫೋನು ಮಾಡಿ ಕೇಳುತ್ತೇವೆ.

ಊಟವನ್ನೂ ಹಗುರ ಮಾಡಿಕೊಂಡೆವು. ಹೊಸ ಆಲೂಗಡ್ಡೆ, ಬೆಣ್ಣೆ, ಸಬ್ಬಸಿಗೆ ಸೊಪ್ಪು ಅವರ ಹಬ್ಬದ ಊಟ. ಉಳಿದ ಸಬ್ಬಸಿಗೆಯಿಂದ ಅತ್ತಿಗೆ ಅಕ್ಕಿ ರೊಟ್ಟಿ ತಟ್ಟುತ್ತಾರೆ. ಹೆರಿಂಗ್ ಮೀನಿನ ಜೊತೆ ಅದನ್ನು ತಿನ್ನುವುದು ಗೆಳತಿಯ ತಂದೆ ಕಂಡುಹಿಡಿದ ಜೋಡಿ. ನಾನು ರೊಟ್ಟಿಯನ್ನಷ್ಟೇ ತಿನ್ನುತ್ತೇನೆ.

ಒಂದು ವಿಷಯದಲ್ಲಿ ನಾವು ಕಟ್ಟುನಿಟ್ಟು. ಈ ಹಬ್ಬದ ಮರುದಿನದ ಪತ್ರಿಕೆಗಳಲ್ಲಿ ನೀರಿನಲ್ಲಿ ಮುಳುಗಿದವರ ಸುದ್ದಿ ಸಾಮಾನ್ಯವಾಗಿ ಇರುತ್ತದೆ. ಮಕ್ಕಳು ಲೈಫ್ ಜಾಕೆಟ್ ಇಲ್ಲದೆ ಕಟ್ಟೆಗೆ ಹೋಗುವಂತಿಲ್ಲ, ಕುಡಿದವರು ದೋಣಿ ಹತ್ತುವಂತಿಲ್ಲ, ಯಾರೂ ಒಬ್ಬರೇ ಈಜುವಂತಿಲ್ಲ. ಜೂನಿನಲ್ಲೂ ನೀರು 16 ಡಿಗ್ರಿಯ ಆಸುಪಾಸು, ಇಳಿದ ಕೂಡಲೇ ಉಸಿರು ಸಿಕ್ಕಿಕೊಳ್ಳುತ್ತದೆ.

ದಡದಲ್ಲಿ ದೊಡ್ಡ ಬೆಂಕಿ ಹಾಕುವುದಕ್ಕೆ ಕೊಕ್ಕೊ ಎಂದು ಹೆಸರು. ಒಂದು ವರ್ಷ ಕಾಡು ಒಣಗಿ, ಕಾಳ್ಗಿಚ್ಚಿನ ಎಚ್ಚರಿಕೆ ಹೊರಡಿಸಿದ್ದರು. ಬಯಲು ಬೆಂಕಿಗೆ ನಿಷೇಧ. ಮಕ್ಕಳ ಮುಖ ಬಾಡಿತು. ಹೊಗೆಕೊಳವೆಯಿರುವ ಸೌನಾ ಒಲೆಗೆ ಅಡ್ಡಿಯಿರಲಿಲ್ಲವಾದ್ದರಿಂದ ಎಲ್ಲರೂ ಅದರ ಬಾಯಿಯ ಮುಂದೆ ಕೂತೆವು. ಹನ್ನೊಂದಕ್ಕೆ ಸೂರ್ಯ ಮುಳುಗಿದರೂ ಆಕಾಶ ಕಪ್ಪಾಗಲಿಲ್ಲ. ಹಬ್ಬದ ಬಾವುಟವನ್ನೂ ಇಳಿಸಿರಲಿಲ್ಲ. ಶುಕ್ರವಾರ ಸಂಜೆ ಆರಕ್ಕೆ ಏರಿಸಿದರೆ ಶನಿವಾರ ರಾತ್ರಿ ಒಂಬತ್ತರವರೆಗೆ ಅದು ಹಾರುತ್ತಲೇ ಇರುತ್ತದೆ. ಸೊಳ್ಳೆಗಳಿದ್ದವು, ಆದರೂ ಯಾರೂ ಏಳಲಿಲ್ಲ.

ಭಾನುವಾರ ಹೊರಡುವ ಮುನ್ನ ಒಲೆಯ ಬೂದಿ ತೆಗೆದು, ಮುಂದೆ ಬರುವವರಿಗೆಂದು ಒಂದು ಬುಟ್ಟಿ ಸೀಳಿದ ಕಟ್ಟಿಗೆ ಇಟ್ಟು, ಅದರ ಮೇಲೆ ಒಂದು ಹಿಡಿ ತೊಗಟೆ ಹಾಕಿ ಬರುತ್ತೇನೆ.