ಮೂಗಿನ ಒಂಟಿ ಕೋಶ ಕಹಿಗೆ ಉತ್ತರಿಸಿದ್ದು: ನನ್ನ ಅನುಭವ

ಅಮೋನಿಯದ ಬಾಟಲಿಯನ್ನು ತೆರೆದಾಗ ಮೂಗು ಚುರುಗುಟ್ಟುವುದು ವಾಸನೆಯ ನರದಿಂದಲ್ಲ, ಮುಖದ ಸ್ಪರ್ಶವನ್ನೂ ನೋವನ್ನೂ ಮಿದುಳಿಗೆ ಒಯ್ಯುವ ಟ್ರೈಜೆಮಿನಲ್ ನರದಿಂದ. ಈ ನರದ ತುದಿಗಳು ಮೂಗಿನ ಒಳಪದರದ ಮೇಲ್ಮೈಯವರೆಗೆ ಬರದೆ, ಕೋಶಗಳನ್ನು ಬಿಗಿಯಾಗಿ ಬೆಸೆದಿರುವ ಸಂಧಿಗಳ ಕೆಳಗೇ ನಿಂತುಬಿಡುತ್ತವೆ. ಹಾಗಿರುವಾಗ ಆ ಪದರವನ್ನು ಸುಲಭವಾಗಿ ದಾಟಲಾರದ ಉದ್ರೇಕಕಾರಿಗಳ ಸುದ್ದಿ ನರಕ್ಕೆ ಮುಟ್ಟುವುದು ಹೇಗೆಂಬ ಪ್ರಶ್ನೆಯೇ ನನ್ನನ್ನು ಈ ಕೆಲಸಕ್ಕೆ ಎಳೆದು ತಂದಿತು. ಥಾಮಸ್ ಫಿಂಗರ್ ಮತ್ತು ಸಂಗಡಿಗರು 2003ರಲ್ಲಿ ವಿವರಿಸಿದ ಒಂಟಿ ರಾಸಾಯನಿಕ ಸಂವೇದಿ ಕೋಶಗಳಲ್ಲಿ ಅದಕ್ಕೆ ಉತ್ತರವಿತ್ತು. ಈ ಕೋಶಗಳ ತಲೆ ಮೇಲ್ಮೈಯಲ್ಲಿರುತ್ತದೆ, ಬುಡಕ್ಕೆ ನರದ ಎಳೆಗಳು ಹೆಣೆದುಕೊಂಡಿರುತ್ತವೆ, ಜೊತೆಗೆ ನಾಲಿಗೆಯಲ್ಲಿರುವಂಥದೇ ಕಹಿ ಗ್ರಾಹಕಗಳೂ ಇರುತ್ತವೆ.

ನರದ ನೆರವಿಲ್ಲದೆ ಕೋಶವೊಂದೇ ಕಹಿಯನ್ನು ಗುರುತಿಸುತ್ತದೆಯೇ ಎಂಬುದನ್ನು ನಾನು ಕಣ್ಣಾರೆ ನೋಡಬೇಕಿತ್ತು. ಈ ಕೋಶಗಳು ಒಳಪದರದಲ್ಲಿ ಬಹಳ ವಿರಳವಾಗಿ ಚದುರಿರುವುದರಿಂದ, ರುಚಿಯ ಸಂಕೇತಕ್ಕೆ ಬೇಕಾದ ಟಿಆರ್‌ಪಿಎಂ5 ಎಂಬ ಅಯಾನು ಮಾರ್ಗ ಇರುವ ಕೋಶಗಳು ಹಸಿರಾಗಿ ಹೊಳೆಯುವಂತೆ ಬೆಳೆಸಿದ ಇಲಿಗಳನ್ನು ಬಳಸಿದೆ. ಒಳಪದರವನ್ನು ಪಪೇನ್ ಕಿಣ್ವದಲ್ಲಿ ನೆನೆಸಿ ಕೋಶಗಳನ್ನು ಬಿಡಿಸುವ ಹಂತದಲ್ಲಿ ಮೊದಮೊದಲು ಎಡವಿದೆ. ಹೆಚ್ಚು ಹೊತ್ತು ನೆನೆಸಿದ ಕೋಶಗಳು ಉರುಟಾಗಿ ಉಬ್ಬಿ, ಕೋಶ ಉತ್ತರಿಸುವಾಗ ಏರಬೇಕಾದ ಕ್ಯಾಲ್ಸಿಯಂ, ಏನನ್ನೂ ಕೊಡುವ ಮೊದಲೇ ಅವುಗಳೊಳಗೆ ಏರಿಹೋಗಿರುತ್ತಿತ್ತು. ಪ್ರತಿ ತಯಾರಿಯ ಹಿಂದೆ ಒಂದು ಪ್ರಾಣಿಯ ಜೀವವಿರುವಾಗ ಇಂಥ ನಷ್ಟ ಮನಸ್ಸಿಗೆ ಭಾರವಾಗುತ್ತದೆ. ಆದ್ದರಿಂದ ಕಿಣ್ವದ ಅವಧಿಯನ್ನು ಕಡಿತಗೊಳಿಸಿ, ಅಗಲ ಬಾಯಿಯ ಪಿಪೆಟ್ಟಿನಿಂದ ನಿಧಾನವಾಗಿ ಅಲುಗಿಸುವುದನ್ನು ರೂಢಿಸಿಕೊಂಡೆ.

ಕ್ಯಾಲ್ಸಿಯಂಗೆ ತಕ್ಕಂತೆ ಹೊಳಪು ಬದಲಿಸುವ ಫ್ಯೂರಾ-2 ಎಂಬ ಬಣ್ಣ ತುಂಬಿದ ಕೋಶಗಳಿಗೆ 340 ಮತ್ತು 380 ನ್ಯಾನೋಮೀಟರ್ ಬೆಳಕನ್ನು ಸರದಿಯಂತೆ ಹಾಯಿಸಿ, ಎರಡರ ಅನುಪಾತದಿಂದ ಕ್ಯಾಲ್ಸಿಯಂ ಏರಿಳಿತವನ್ನು ಅಳೆಯುತ್ತಿದ್ದೆ. ದ್ರಾವಣದ ಹರಿವು ಬದಲಾದರೂ ಕೋಶ ತುಸು ಕದಲಿ ಸುಳ್ಳು ಏರಿಕೆ ಕಾಣಿಸಬಹುದಾದ್ದರಿಂದ, ಪ್ರತಿ ಸಲವೂ ಮೊದಲು ಬರಿಯ ದ್ರಾವಣವನ್ನೇ ಹರಿಸಿ ನೋಡುತ್ತಿದ್ದೆ. ಈ ಶಿಸ್ತನ್ನು ಬಿಟ್ಟ ಯಾವ ದಾಖಲೆಯನ್ನೂ ನಾನು ನಂಬುವುದಿಲ್ಲ.

ಅತಿ ಕಹಿಯಾದ ಡೆನಟೋನಿಯಮ್ ಹರಿದ ದಿನ, ಕಡಿಮೆ ಕ್ಯಾಲ್ಸಿಯಂ ಅನ್ನು ನೀಲಿಯಾಗಿಯೂ ಹೆಚ್ಚಿನದನ್ನು ಕೆಂಪಾಗಿಯೂ ತೋರಿಸುವ ಪರದೆಯ ಮೇಲೆ ಕೆಲವು ಸೆಕೆಂಡುಗಳಲ್ಲಿ ಒಂದು ಹಸಿರು ಕೋಶದ ನೀಲಿ ಕೆಂಪಿಗೆ ತಿರುಗಿತು. ಅದರ ಪಕ್ಕಕ್ಕೇ ತಾಗಿಕೊಂಡಿದ್ದ, ಮೇಲ್ಮೈಯಲ್ಲಿ ಸೂಕ್ಷ್ಮ ರೋಮಗಳಿರುವ ರೋಮಕೋಶ ಮಾತ್ರ ನೀಲಿಯಾಗಿಯೇ ಉಳಿಯಿತು. ತೊಳೆದ ಮೇಲೆ ಅನುಪಾತ ಇಳಿಯಿತು, ಮತ್ತೆ ಕೊಟ್ಟಾಗ ಏರಿತು. ಕಹಿ ಗ್ರಾಹಕದ ಸಂಕೇತವನ್ನು ಮುಂದಕ್ಕೆ ಸಾಗಿಸುವ ಫಾಸ್ಫೋಲಿಪೇಸ್ ಸಿ ಕಿಣ್ವವನ್ನು ಯು73122 ಎಂಬ ಸಂಯುಕ್ತದಿಂದ ತಡೆದಾಗ ಅದೇ ಬಗೆಯ ಕೋಶಗಳು ಸುಮ್ಮನಾದವು. ಈ ಸಂಯುಕ್ತಕ್ಕೆ ಬೇರೆ ಪರಿಣಾಮಗಳೂ ಇರುವುದರಿಂದ ಅಷ್ಟಕ್ಕೇ ನಿಲ್ಲದೆ, ರಚನೆಯಲ್ಲಿ ಅದನ್ನೇ ಹೋಲುವ, ಆದರೆ ಕಿಣ್ವವನ್ನು ಅಷ್ಟಾಗಿ ತಡೆಯದ ಯು73343ಅನ್ನೂ ಕೊಟ್ಟು ನೋಡಿದೆ. ಅದರಲ್ಲಿ ಮುಳುಗಿದ್ದ ಕೋಶಗಳು ಕಹಿಗೆ ಎಂದಿನಂತೆ ಉತ್ತರಿಸಿದವು.