ಕಿಸೆಚಾಕು ಕೊಳ್ಳೂಮುಂದ ಮೊದಲ ಕಿವಿ ಕೊಡ್ರಿ

ತಿಕೋಟಾ ಕಡೆ ಡಾಗ್ರಿಜ್ ಅನ್ನೂ ಬೇರಿನ ಗಿಡಕ್ಕ ದ್ರಾಕ್ಷಿ ಕಸಿ ಕಟ್ಟಕೋತ ಅರ್ಧ ಆಯುಷ್ಯ ಕಳದೀನ್ರಿ. ಕೆಲಸಕ್ಕಂತ ಒಂದು ಚಾಕು ಇತ್ತು, ಆಮ್ಯಾಲ ಎರಡಾತು, ಈಗ ಟ್ರಂಕಿನಾಗ ಮೂವತ್ತೊಂದು ಅದಾವು. ಯಾವ ಕಂಪನಿದು ತಗೊಳ್ಳೂದು ಅಂತ ಹೊಸಬರು ಕೇಳ್ತಾರ. ಕಂಪನಿ ಹೆಸರು ಆಮ್ಯಾಲ ಓದ್ರಿ, ಮೊದಲ ಕಿವಿ ಕೊಡ್ರಿ ಅಂತೀನಿ.

ಹಳೇ ನಮೂನಿ ಕಿಸೆಚಾಕಿಗೆ ಸಾಮಾನ್ಯಾಗಿ ಬಿಚ್ಚಿದ ಅಲಗು ಮಡಚದಂಗ ಹಿಡಿಯೂ ಲಾಕ್ ಇರೂದಿಲ್ಲ. ಹಿಡಿಕಿ ಬೆನ್ನಾಗಿನ ಉಕ್ಕಿನ ಪಟ್ಟಿನ ಸ್ಪ್ರಿಂಗ್ ಆಗಿ ಅಲಗಿನ ಬುಡ ಒತ್ತಿ ಹಿಡದಿರತೈತಿ. ಬಿಚ್ಚಿದಾಗ ಕಡೀಕ ಒಮ್ಮೆ 'ಟಕ್' ಅನ್ನಬೇಕು, ಮಡಚಿದಾಗೂ ಅನ್ನಬೇಕು. ಸಪ್ಪಳಿಲ್ಲದ ಮೆತ್ತಗ ಬಿಚ್ಚಿಕೊಂಡ್ರ ಒಳಗ ಕಸ ಕೂತೈತಿ, ಇಲ್ಲಾ ಸ್ಪ್ರಿಂಗ್ ಸೋತೈತಿ. ಕಸಕ್ಕ ಎಣ್ಣಿ ಬಿಟ್ಟರಾತು, ಸೋತದ್ದಕ್ಕ ಮದ್ದಿಲ್ಲ. ಅಲಗು ಎಡಕ್ಕ ಬಲಕ್ಕ ಅಲುಗಾಡತೈತೇನು ನೋಡ್ರಿ. ಮಡಚಿದಾಗ ತುದಿ ಹೊರಗ ಇಣುಕಿದ್ರ ಕಿಸೆನೂ ಹರೀತೈತಿ, ತೊಡಿನೂ. ಕನ್ನಡಿ ಹಂಗ ಹೊಳಿಯೂ ಹಳೇ ಚಾಕು ಕಂಡ್ರ ನನಗ ಸಂಶಯ. ಪಾಲಿಶ್ ಹೊಡದು ತುಕ್ಕಿನ ಗುಂಡಿ ಮುಚ್ಚೂಮುಂದ ಬುಡದಾಗಿನ ಕಂಪನಿ ಮುದ್ರಿನೂ ಸವೀತೈತಿ.

ಮೋಟರ್ ಸಾಣಿಗೆ ಮಾತ್ರ ಕೊಡಬ್ಯಾಡ್ರಿ. ನಮ್ಮಪ್ಪನ ಚಾಕು ನಾ ಹಂಗ ಹಾಳ ಮಾಡಿದೆ. ಕಿಡಿ ಹಾರಿ ಅಂಚು ನೀಲಿ ಆತು. ನೀಲಿ ಆತಂದ್ರ ಕಾವಿಗೆ ಉಕ್ಕಿನ ಗಡಸುತನ ಇಳೀತು ಅಂತನ ತಿಳೀರಿ. ಆವತ್ತಿನಿಂದ ನಾಕು ಬದನಿಕಾಯಿ ಕೊಯ್ಯೂದರಾಗ ಮೊಂಡ ಆಗತೈತಿ. ಕಲ್ಲಿಗೆ ನೀರು ಹಾಕಿ ಕೈಲೆ ಮಸೀರಿ. ಅಲಗಿನ ಬೆನ್ನು ಕಿರುಬೆರಳಿನ ಅರ್ಧ ದಪ್ಪದಷ್ಟು ಎತ್ತಿದ್ರ ಸಾಕು. ಆ ಕಡೆ ಅಂಚು ಬೆರಳಿಗೆ ಒರಟು ಹತ್ತೂತನಕ ಒಂದು ಮಗ್ಗಲು, ಆಮ್ಯಾಲ ಇನ್ನೊಂದು. ಕಸಿ ಚಾಕಿನ ಲೆಕ್ಕ ಬ್ಯಾರೆ. ನನ್ನದರಾಗ ಒಂದ ಮಗ್ಗಲು ಇಳಿಜಾರು, ಇನ್ನೊಂದು ಸಪಾಟ. ಸಪಾಟ ಮಗ್ಗಲನ್ನ ಎತ್ತಿ ಮಸದ್ರ ಕಡ್ಡಿ ನೆಟ್ಟಗ ಕೊಯ್ಯೂದಿಲ್ಲ, ಕಸಿ ಕೂಡೂದಿಲ್ಲ.

ಕಾರ್ಬನ್ ಉಕ್ಕಿನ ಅಲಗಿಲೆ ಇಂಡಿ ನಿಂಬಿಹಣ್ಣು ಕೊಯ್ದ್ರ ಕರಿ ಕಲಿ ಬೀಳತೈತಿ. ಅಂಜಬ್ಯಾಡ್ರಿ, ಆ ಕಪ್ಪು ಇರಲಿ. ಕೆಂಪು ತುಕ್ಕು ಕಂಡ್ರ ಮಾತ್ರ ತಿಕ್ಕಿ ತಗೀರಿ. ಉಪಯೋಗಿಸಿದ ಕೂಡ್ಲೆ ಒರಸ್ರಿ. ಅಲಗು ತಿರುಗೂ ಕೀಲಿಗೆ ಹೊಲಿಗಿ ಮಷಿನ್ ಎಣ್ಣಿ ಒಂದು ಹನಿ, ಅಲಗಿಗೆ ಕೊಬ್ಬರಿ ಎಣ್ಣಿ. ಮನ್ಯಾಗ ಐತಿ ಅಂತ ಕುಸುಬಿ ಎಣ್ಣಿ ಬಿಡಬ್ಯಾಡ್ರಿ, ಅದು ಒಣಗಿ ಅಂಟಾಗಿ ಕೀಲು ಹಿಡೀತೈತಿ. ಚರ್ಮದ ಚೀಲದಾಗ ಇಟ್ಟು ಮರೀಬ್ಯಾಡ್ರಿ, ಚರ್ಮ ತೇವ ಹಿಡೀತೈತಿ. ನಾ ಹಳೇ ಧೋತರದಾಗ ಸುತ್ತಿ ಇಡ್ತೀನಿ.

ಲಾಕ್ ಇಲ್ಲದ ಚಾಕಿನ ತುದೀಲೆ ಡಬ್ಬಿ ಮುಚ್ಚಳ ಮೀಟಿದ್ರ ಅಲಗು ಮಡಚಿ ಬೆರಳಿಗೆ ಬರತೈತಿ. ಬಟನ್ ಒತ್ತಿದ್ರ ಹಾರೂ ಚಾಕಿನ ಉಸಾಬರಿ ಬ್ಯಾಡ. ಬೆಳಗಾವಿ ಸಾಂಬ್ರಾದಾಗ ವಿಮಾನ ಹತ್ತೂದಿದ್ರ ಕೈಚೀಲದಾಗ ಚಾಕು ಇರಬಾರದು.

ಲಾಕ್ ಬೇಕಂದ್ರ ಫ್ರಾನ್ಸಿನ ಒಪಿನೆಲ್ ಐತಿ. 1890ರಿಂದ ನಡದು ಬಂದ ನಮೂನಿ. ಅಲಗು ಹಿಡಿಯೂ ತಿರುಗು ಉಂಗುರ ಬಂದದ್ದು 1955ರಾಗ. ಹಿಡಿಕಿ ಬರೇ ಕಟಗಿ. ಹೋದ ಮಳಿಗಾಲದಾಗ ನನ್ನದು ನೀರು ಕುಡದು ಉಬ್ಬಿ, ಅಲಗು ಹೊರಗ ಬರಲೊಲ್ಲದು. ಹಿಡಿಕಿ ಒಣಗೂತನಕ ಎರಡು ದಿನ ಪ್ಯಾರಲಹಣ್ಣು ಕಚ್ಚಿನ ತಿಂದೆ.