ಬೋಟಲ್ಲಿ ಜಿಪಿಎಸ್ ಆಂಟೆನಾ ಎಲ್ಲಿ ಕೂರಿಸ್ಬೇಕು

ಎತ್ತರ ಇದ್ದಷ್ಟೂ ಒಳ್ಳೇದು ಅಂತ ತುಂಬಾ ಜನ ಮಾಸ್ಟ್ (ಬೋಟಿನ ಎತ್ತರದ ಕಂಬ) ತುದಿಗೇ ಕಟ್ಟಿಬಿಡ್ತಾರೆ. ಬೇಡ. ಸ್ಯಾಟಲೈಟ್ ಇರೋದು ಸುಮಾರು 20,200 ಕಿ.ಮೀ. ಮೇಲೆ, ನೀವು 5 ಮೀಟರ್ ಏರ್ಸಿದ್ರೆ ಏನೂ ಲಾಭ ಇಲ್ಲ, ಬದ್ಲಿಗೆ ಬೋಟ್ ಓಲಾಡ್ದಾಗ ತುದಿ ಆಕಡೆ ಈಕಡೆ ಬೀಸಿ ಸ್ಕ್ರೀನಲ್ಲಿ ಸ್ಪೀಡು, ದಿಕ್ಕು ಎರಡೂ ಕುಣಿಯುತ್ತೆ, ಬಲೆ ಬಿಟ್ಟ ಜಾಗಕ್ಕೆ ನಿಧಾನಕ್ಕೆ ವಾಪಸ್ ಬರೋವಾಗ ಇದು ನಿಜಕ್ಕೂ ಕಾಡುತ್ತೆ.

ಕ್ಯಾಬಿನ್ ಚಾವಣಿ ಮೇಲೆ, ಸುತ್ತಲೂ ಆಕಾಶ ಕಾಣೋ ಕಡೆ ಕೂರಿಸಿ. ರೇಡಾರ್ ಬೀಮಿಗೆ ಸಿಗ್ಬಾರ್ದು, ವಿಎಚ್‌ಎಫ್ (ಮಾತಾಡೋ ರೇಡಿಯೋ) ಆಂಟೆನಾದಿಂದ ಕನಿಷ್ಠ 1 ಮೀಟರ್ ದೂರ ಇರ್ಲಿ. ಫೈಬರ್ ಚಾವಣಿ ಆದ್ರೆ ಒಳಗಿಟ್ರೂ ಸಾಮಾನ್ಯವಾಗಿ ಸಿಗ್ನಲ್ ಬರುತ್ತೆ, ಅಲ್ಯೂಮಿನಿಯಂ ಆದ್ರೆ ಹೊರಗೇ ಇಡ್ಬೇಕು. ತೂತು ಕೊರೆಯೋಕೆ ಮುಂಚೆ ಟೇಪಲ್ಲಿ ಅಂಟಿಸಿ, ರೇಡಾರ್, ವಿಎಚ್‌ಎಫ್ ಎಲ್ಲಾ ಆನ್ ಮಾಡಿ ಸಿಗ್ನಲ್ ಬಾರ್ ಬೀಳುತ್ತಾ ನೋಡ್ಕೊಳ್ಳಿ, ಆಮೇಲೆ ಸ್ಕ್ರೂ ಹಾಕಿ ಸೀಲೆಂಟ್ ಹಚ್ಚಿ.